ನಡುಗೆರೆಯಾಚೆ ಮೂವತ್ತು ಸೆಕೆಂಡು

ಕಬಡ್ಡಿಯಲ್ಲಿ ನಡುಗೆರೆ ದಾಟುವ ಮುನ್ನ ರೇಡರ್ ಬಗ್ಗಿ ನೆಲ ಮುಟ್ಟುತ್ತಾನೆ. ಬೆರಳ ತುದಿ ಸುಣ್ಣದ ಗೆರೆಗೆ ತಾಗಿ, ಹಣೆಗೆ ಏರಿ, ಎದೆಗೆ ಇಳಿಯುತ್ತದೆ. ಜಗಳೂರಿನ ಸುತ್ತ ಕೆಮ್ಮಣ್ಣಿನ ಅಂಗಳಗಳಲ್ಲಿ ಆಟ ಮುಗಿಯುವ ಹೊತ್ತಿಗೆ ಒಳ್ಳೆಯ ರೇಡರ್ ಒಬ್ಬನ ಹಣೆಯ ಮೇಲೆ ಬಿಳಿಯೂ ಇಟ್ಟಿಗೆಗೆಂಪೂ ಕಲೆತ ಮಸುಕು ಗುರುತೊಂದು ಕೂತಿರುತ್ತದೆ. ಬೆವರು ಅದನ್ನು ಹುಬ್ಬಿನವರೆಗೂ ಎಳೆದಿರುತ್ತದೆ. ಅವನು ಎಷ್ಟು ಸಲ ಒಳಗೆ ಹೋಗಿ ಬಂದ ಎಂಬುದನ್ನು ಅಂಕಪಟ್ಟಿ ನೋಡದೆಯೇ ಆ ಗುರುತಿನ ದಪ್ಪದಿಂದ ಅಂದಾಜು ಮಾಡಬಹುದು.

ನಾನು ಮೊದಲು ನೋಡುವುದು ಪಾದವನ್ನು. ಈ ರೂಢಿ ಬಂದದ್ದು ರಂಗಯ್ಯನದುರ್ಗದ ಕಾಡಿನಿಂದ. ನಮ್ಮ ತಾಲ್ಲೂಕಿನ ಆ ಕುರುಚಲು ಕಾಡನ್ನು 2011ರಲ್ಲಿ ಕೊಂಡುಕುರಿ ವನ್ಯಧಾಮವೆಂದು ಘೋಷಿಸಿದರು. ಸುಮಾರು 77 ಚದರ ಕಿಲೋಮೀಟರ್ ಹರಡಿದ ಕಲ್ಲುಗುಡ್ಡ, ಕಾರೆ, ಜಾಲಿ, ಅಲ್ಲಲ್ಲಿ ದಿಂಡಿಗ. ಬೇಸಿಗೆಯಲ್ಲಿ ಇಡೀ ಗುಡ್ಡ ಮಾಸಲು ಕಂದಾಗಿ ನಿಂತುಬಿಡುತ್ತದೆ. ಅದೇ ಕಂದು ಮೈಬಣ್ಣದ ಪ್ರಾಣಿಯೊಂದು ಅದರೊಳಗೆ ಓಡಾಡಿಕೊಂಡಿರುತ್ತದೆ. ಭುಜದೆತ್ತರ ಎರಡಡಿ, ತೂಕ ಇಪ್ಪತ್ತು ಕಿಲೋ ಆಸುಪಾಸು. ಗಂಡಿಗೆ ಕಿವಿಗಳ ನಡುವೆ ಎರಡು ಕೊಂಬು, ಹಣೆಯ ಮೇಲೆ ಮೊಳಕೆಯಂಥ ಇನ್ನೆರಡು. ಕಾಲುಗಳ ಮುಂಬದಿಯಲ್ಲಿ ಉದ್ದಕ್ಕೆ ಇಳಿದ ಕಪ್ಪು ಪಟ್ಟಿ. ಹೆಚ್ಚಾಗಿ ಒಂಟಿ. ಹಿಕ್ಕೆ ಹಾಕಲು ಅದೇ ಅದೇ ಜಾಗಕ್ಕೆ ಮರಳಿ ಬರುತ್ತದೆ. ಆದ್ದರಿಂದ ಕಾಯುವವನು ಎಲ್ಲಿ ಕೂರಬೇಕು ಎಂಬುದನ್ನು ಅದೇ ಹೇಳಿಕೊಟ್ಟಂತೆ.

ಕೊಂಡುಕುರಿ ಅಪಾಯ ಕಂಡೊಡನೆ ಓಡುವುದಿಲ್ಲ. ಮೊದಲು ನಿಲ್ಲುತ್ತದೆ. ಮುಂಗಾಲೊಂದು ಅರ್ಧ ಎತ್ತಿದಲ್ಲೇ ಉಳಿಯುತ್ತದೆ. ಗೊರಸು ನೆಲದಿಂದ ನಾಲ್ಕು ಬೆರಳು ಮೇಲೆ. ಎರಡು ಕಿವಿಗಳು ಬೇರೆ ಬೇರೆ ದಿಕ್ಕಿಗೆ ತಿರುಗಿ, ಆಮೇಲೆ ಒಂದೇ ಕಡೆಗೆ ಕೂಡಿಕೊಳ್ಳುತ್ತವೆ. ತೊಡೆಯ ಮಾಂಸ ಗಟ್ಟಿಯಾಗುವುದು ಚರ್ಮದ ಮೇಲೆ ಕಾಣುತ್ತದೆ. ಅದಾದ ಮೇಲೆಯೇ ನೆಗೆತ: ನೇರಕ್ಕಲ್ಲ, ಓರೆಗೆ, ಪೊದೆಯ ಅಂಚು ಹಿಡಿದು, ಬಿಟ್ಟು ಬಿಟ್ಟು. ಸ್ವಲ್ಪ ದೂರ ಹೋಗಿ ಮತ್ತೆ ನಿಂತು ಹಿಂದಕ್ಕೆ ನೋಡುತ್ತದೆ. ತಪ್ಪಿಸಿಕೊಳ್ಳುವುದೆಂದರೆ ಓಟವೆಂದು ನಾವು ಅಂದುಕೊಂಡಿರುತ್ತೇವೆ. ಓಟ ಅದರ ಕೊನೆಯ ತುಂಡು ಮಾತ್ರ.

ಇದೇ ಕಣ್ಣಿನಿಂದ ಕಬಡ್ಡಿ ನೋಡಲು ಕೂತರೆ ಅಂಗಳ ಬೇರೆಯಾಗಿ ಕಾಣುತ್ತದೆ. ಹದಿಮೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲ; ಅದರಲ್ಲಿ ಅರ್ಧ ಎದುರಾಳಿಯದು. ನಡುಗೆರೆಯಿಂದ 3.75 ಮೀಟರ್ ಆಚೆ ಬಾಕ್ ಗೆರೆ. ಅದನ್ನು ದಾಟದೆ, ಯಾರನ್ನೂ ತಟ್ಟದೆ ಮರಳುವಂತಿಲ್ಲ. ಇನ್ನೊಂದು ಮೀಟರ್ ಆಚೆ ಬೋನಸ್ ಗೆರೆ. ಅದರ ಅಂಕ ಸಿಗಲು, ಎದುರಿಗೆ ಆರು ಅಥವಾ ಏಳು ಜನ ಇದ್ದಾಗ ಒಂದು ಪಾದ ಅದನ್ನು ದಾಟಿ, ಹಿಂದಿನ ಪಾದ ನೆಲ ಬಿಟ್ಟಿರಬೇಕು. ಒಂದು ರೇಡಿಗೆ ಮೂವತ್ತು ಸೆಕೆಂಡು. ಬಾಯಲ್ಲಿ ಕಬಡ್ಡಿ ಕಬಡ್ಡಿ ಎಂಬ ಪಲುಕು ನಿಲ್ಲಬಾರದು, ಅಂಪೈರ್ ಕಿವಿಗೆ ಕೇಳುತ್ತಿರಬೇಕು. ಇಷ್ಟು ಕಟ್ಟುಗಳ ನಡುವೆ ಒಬ್ಬ, ಆಚೆ ಏಳು ಜನ.

ಮೆಕ್ಕೆಜೋಳ ಮುರಿದು, ಈರುಳ್ಳಿ ಕಿತ್ತು, ಹೊಲ ಖಾಲಿಯಾದ ಮೇಲೆ ನಮ್ಮ ಕಡೆ ಹೊನಲು ಬೆಳಕಿನ ಪಂದ್ಯಾವಳಿಗಳು ಶುರುವಾಗುತ್ತವೆ. ಬಿದಿರುಗಳಕ್ಕೆ ಕಟ್ಟಿದ ದೀಪಕ್ಕೆ ಹುಳು ಮುತ್ತಿಕೊಂಡಿರುತ್ತವೆ. ಕೆಳಗೆ ಧೂಳು ಮೊಣಕಾಲೆತ್ತರಕ್ಕೆ ಎದ್ದು ಅಲ್ಲೇ ತೇಲುತ್ತದೆ. ಅಂಥ ಅಂಗಳಗಳಲ್ಲಿ ಒಬ್ಬ ಹುಡುಗನನ್ನು ಹೈಸ್ಕೂಲಿನಿಂದ ಡಿಗ್ರಿ ಮುಗಿಯುವವರೆಗೆ ನೋಡುತ್ತ ಬಂದೆ. ತೆಳ್ಳನೆಯ ಮೈ, ಮೀನಖಂಡ ಮಾತ್ರ ಮೈಗೆ ಮೀರಿ ತುಂಬಿಕೊಂಡಿದ್ದು. ಮೊದಮೊದಲು ಅವನು ಒಳಗೆ ನುಗ್ಗಿ, ಕೈ ಬೀಸಿ, ಯಾರ ಕೈಗೋ ಸಿಕ್ಕಿಬೀಳುತ್ತಿದ್ದ. ಅವನ ತಂಡದಲ್ಲೇ ಎಡ ಕಾರ್ನರಿನಲ್ಲಿ ಆಡುವ ವಯಸ್ಸಾದ ಆಟಗಾರ, ತಾನೂ ಒಂದು ಕಾಲಕ್ಕೆ ಹೆಸರಾಂತ ರೇಡರ್, ಗೆರೆಯಾಚೆಯಿಂದ ಕೂಗುತ್ತಿದ್ದ: "ಗಡಿಬಿಡಿ ಮಾಡಬ್ಯಾಡಲೇ ತಮ್ಮಾ. ನಿಲ್ಲು. ಅವ್ರೇ ಬರ್ತಾರ."

ನಿಲ್ಲುವುದನ್ನು ಅವನು ಕಲಿತದ್ದು ನಿಧಾನಕ್ಕೆ, ಒಂದೊಂದು ಅಂಗಕ್ಕೇ ಬಿಡಿಬಿಡಿಯಾಗಿ. ಮೊದಲು ಭುಜ ಸುಮ್ಮನಾಯಿತು. ಆಮೇಲೆ ಕೈಗಳು ಕೆಳಗಿಳಿದು, ಅಂಗೈ ನೆಲದ ಕಡೆಗೆ ತಿರುಗಿದವು. ಕೊನೆಗೆ ಪಾದ. ಎದುರು ತಂಡದ ಎಡ ಕಾರ್ನರಿನವನ ಮುಂದೆ ಹೋಗಿ ಬಲಪಾದವನ್ನು ಪೂರ್ತಿ ಊರದೆ, ಹೆಬ್ಬೆರಳ ಬುಡದ ಮೇಲೆ ಮಾತ್ರ ಭಾರ ಹಾಕಿ ನಿಲ್ಲುತ್ತಿದ್ದ. ಹಿಮ್ಮಡಿ ಮತ್ತು ನೆಲದ ನಡುವೆ ಒಂದು ಬೆರಳು ಸಂದು. ಆ ಸಂದಿನ ಮೇಲೆಯೇ ಎದುರಾಳಿಯ ಕಣ್ಣು. ಕಾಲು ಹಿಡಿಯಲು ಅವನು ಬಾಗಿದನೆಂದರೆ ಅವನ ಭಾರ ಮುಂದಕ್ಕೆ ಬಂತು. ಅಷ್ಟರಲ್ಲಿ ಹುಡುಗನ ಪಾದ ಅಲ್ಲಿರುತ್ತಿರಲಿಲ್ಲ, ಬೆರಳು ಅವನ ಬೆನ್ನನ್ನು ತಟ್ಟಿ ಆಗಿರುತ್ತಿತ್ತು. ನೋಡುವವರಿಗೆ ಕಂಡದ್ದು ಬೀಸಿದ ಕೈ. ಆದರೆ ಅಂಕ ಬಂದದ್ದು ಎತ್ತಿದ ಹಿಮ್ಮಡಿಯಿಂದ.

ಅಮೆರಿಕದವರ ಫುಟ್‌ಬಾಲಿನಲ್ಲಿ ರನ್ನಿಂಗ್ ಬ್ಯಾಕ್ ಎಂಬ ಆಟಗಾರನಿದ್ದಾನೆ. ಚೆಂಡನ್ನು ತೋಳಿನ ಮಡಿಲಲ್ಲಿ ಅವುಚಿಕೊಂಡು ಹನ್ನೊಂದು ಜನರ ಗೋಡೆಯೊಳಗೆ ನುಗ್ಗುವುದು ಅವನ ಕೆಲಸ. ನಮ್ಮ ರೇಡರ್‌ಗೆ ದೂರದ ದಾಯಾದಿ. ಅವರಲ್ಲಿ ಬ್ಯಾರಿ ಸ್ಯಾಂಡರ್ಸ್ ಎಂಬಾತನ ಹಳೆಯ ಚಿತ್ರಗಳನ್ನು ನಿಧಾನಗತಿಯಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಐದಡಿ ಎಂಟಂಗುಲದ ಕುಳ್ಳ. ಸುತ್ತ ಇರುವವರೆಲ್ಲ ಅವನಿಗಿಂತ ಎತ್ತರ, ಅವನಿಗಿಂತ ಭಾರ. ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಥರ್ಮನ್ ಥಾಮಸ್ ಎಂಬ ಹಿರಿಯ ಆಟಗಾರನ ಹಿಂದೆ ಸರದಿ ಕಾದವನು, 1988ರಲ್ಲಿ ತನ್ನ ಪಾಳಿ ಬಂದಾಗ ಒಂದೇ ಋತುವಿನಲ್ಲಿ 2,628 ಗಜ ಓಡಿದ. ಆ ವರ್ಷದ ಹೈಸ್‌ಮನ್ ಟ್ರೋಫಿ ಅವನದಾಯಿತು. ಆಮೇಲೆ ಡೆಟ್ರಾಯಿಟ್ ಲಯನ್ಸ್ ತಂಡಕ್ಕೆ 1989ರಿಂದ ಹತ್ತು ಋತು; ಪ್ರತಿ ಋತುವಿನಲ್ಲೂ ಸಾವಿರ ಗಜಕ್ಕೆ ಮೇಲೆ, 1997ರಲ್ಲಿ 2,053. ಈ ಅಂಕಿಗಳಿಗಿಂತ ನನ್ನನ್ನು ಹಿಡಿದು ಕೂರಿಸಿದ್ದು ಅವನ ತಡೆ. ಗೋಡೆಯ ಹತ್ತಿರ ಬಂದು ಅವನು ಕ್ಷಣ ನಿಂತೇಬಿಡುತ್ತಾನೆ. ಎರಡೂ ಪಾದ ಅಗಲಿಸಿ, ಸೊಂಟ ತಗ್ಗಿಸಿ, ತಲೆ ಮಾತ್ರ ಎಡಕ್ಕೂ ಬಲಕ್ಕೂ ಸಣ್ಣಗೆ ಆಡುತ್ತದೆ. ಬೇಕಾದರೆ ಹಿಂದಕ್ಕೂ ಓಡುತ್ತಾನೆ. ಹಿಂದಕ್ಕೆ ಓಡಿ ಕಳೆದುಕೊಂಡ ಗಜಗಳೂ ಅವನ ಲೆಕ್ಕದಲ್ಲಿ ಬೇಕಾದಷ್ಟಿವೆ. ಗೆರೆ ದಾಟಿ ಅಂಕ ಗಳಿಸಿದ ಮೇಲೆ ಕುಣಿಯುತ್ತಿರಲಿಲ್ಲ. ಚೆಂಡನ್ನು ರೆಫರಿಯ ಕೈಗೆ ಕೊಟ್ಟು ನಡೆದುಬಿಡುತ್ತಿದ್ದ. 1999ರ ಜುಲೈಯಲ್ಲಿ ನಿವೃತ್ತಿ ಹೇಳಿದಾಗ ವಯಸ್ಸು ಮೂವತ್ತೊಂದು, ಒಟ್ಟು ಓಟ 15,269 ಗಜ. ವಾಲ್ಟರ್ ಪೇಟನ್ ಹೆಸರಲ್ಲಿದ್ದ ದಾಖಲೆಗೆ ಇನ್ನು 1,457 ಗಜ ಬೇಕಿತ್ತು, ಕಾಲುಗಳಲ್ಲಿ ಇನ್ನೂ ಓಟವಿತ್ತು. ನಿಲ್ಲುವುದು ಅವನಿಗೆ ಮೈದಾನದ ಒಳಗೂ ಹೊರಗೂ ಗೊತ್ತಿತ್ತು ಎಂದೇ ನನಗೆ ಅನ್ನಿಸುತ್ತದೆ.

ಅಲ್ಲಿ ಕಾಲೇಜು ಅಂಗಳವೇ ವೃತ್ತಿಯ ಹೆಬ್ಬಾಗಿಲು. ನಮ್ಮಲ್ಲಿ ದಾರಿ ಹೀಗೆ ನೇರವಿಲ್ಲ. ತಾಲ್ಲೂಕು ದಸರಾ ಕ್ರೀಡಾಕೂಟ, ಜಿಲ್ಲೆ, ಕಾಲೇಜು ತಂಡ, ವಿಶ್ವವಿದ್ಯಾಲಯದ ತಂಡ. ಅದರಾಚೆ ರೈಲ್ವೆ, ಸೇನೆ, ಪೊಲೀಸ್, ಬ್ಯಾಂಕು. ಆಟ ಆಡಿದ್ದಕ್ಕೆ ಕೆಲಸ ಸಿಗುತ್ತಿತ್ತು, ಕೆಲಸ ಸಿಕ್ಕಿದ್ದಕ್ಕೆ ಆಟ ಉಳಿಯುತ್ತಿತ್ತು. 2014ರ ಜುಲೈಯಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ ಹರಾಜಿನ ಬಾಗಿಲೂ ತೆರೆಯಿತು. ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತ್ ತಂಡದ ನಾಯಕರಾಗಿ, ಅದರ ಮೊದಲ ಋತುವಿನಲ್ಲೇ ಫೈನಲ್‌ವರೆಗೆ ಕರೆದೊಯ್ದರು. ಅಲ್ಲಿ ಪಟ್ನಾ ಪೈರೇಟ್ಸ್ 55–38ರಿಂದ ಗೆದ್ದಿತು. ಪ್ರಶಾಂತ್ ಕುಮಾರ್ ರೈ 2022ರ ಫೆಬ್ರುವರಿಯಲ್ಲಿ ಅದೇ ಪಟ್ನಾದ ನಾಯಕರಾಗಿ ಬೆಂಗಳೂರಿನಲ್ಲಿ ಫೈನಲ್ ಆಡಿ, ದಬಂಗ್ ಡೆಲ್ಲಿಗೆ ಒಂದೇ ಅಂಕದಿಂದ ಸೋತರು, 37–36. ಇಬ್ಬರೂ ರೇಡರ್‌ಗಳೇ. ಸುಕೇಶರ ಹೆಜ್ಜೆಯನ್ನು ಗಮನಿಸಿದವರಿಗೆ ಅದರ ಸಾವಧಾನ ಮನಸ್ಸಿನಲ್ಲಿ ಉಳಿಯುತ್ತದೆ.

ಬೆಂಗಳೂರು ಬುಲ್ಸ್‌ಗೆ ಆಡುತ್ತಿದ್ದ ಕಾಲದ ಪವನ್ ಸೆಹ್ರಾವತ್ ಬೇರೆಯೇ ಜಾತಿಯ ಓಟಗಾರ. ದೆಹಲಿಯ ಹುಡುಗ, ಆದರೆ ನಮ್ಮ ಅಂಗಳದ ಮಕ್ಕಳು ಬೆನ್ನ ಮೇಲೆ ಬರೆಸಿಕೊಂಡದ್ದು ಅವನ ಹೆಸರನ್ನೇ. 2019ರ ಜನವರಿ 5ರಂದು ಮುಂಬೈನ ಫೈನಲ್‌ನಲ್ಲಿ ಗುಜರಾತ್ ವಿರುದ್ಧ ಬುಲ್ಸ್ ಗೆದ್ದ 38 ಅಂಕಗಳಲ್ಲಿ 22 ಅವನವು. ಅದೇ ವರ್ಷ ಅಕ್ಟೋಬರ್ 2ರಂದು ಹರಿಯಾಣ ಸ್ಟೀಲರ್ಸ್ ಎದುರು ಒಂದೇ ಪಂದ್ಯದಲ್ಲಿ 39. ಅವನ ನೆಗೆತವನ್ನು ಎಲ್ಲರೂ ಹೊಗಳುತ್ತಾರೆ. ನೆಗೆತಕ್ಕೆ ಮೊದಲಿನದನ್ನು ನೋಡಬೇಕು. ಕವರ್‌ನವರಿಬ್ಬರು ಕೈ ಕೈ ಹಿಡಿದು ಸರಪಳಿಯಾಗಿ ಹಿಂದಿನ ದಾರಿ ಮುಚ್ಚುತ್ತಾರೆ. ಅವನು ಎಡಭುಜವನ್ನು ಅಂಗೈಯಷ್ಟು ತಗ್ಗಿಸುತ್ತಾನೆ, ಕೆಳಗಿಂದ ನುಸುಳುವವನಂತೆ. ಸರಪಳಿ ತಾನಾಗಿ ತಗ್ಗುತ್ತದೆ. ಇಬ್ಬರ ಮೊಣಕೈ ಸೊಂಟದ ಮಟ್ಟಕ್ಕೆ ಇಳಿಯುತ್ತವೆ. ಆಗ ಅವನು ಮೇಲೆ. ಎರಡೂ ಮೊಣಕಾಲು ಎದೆಗೆ ಮಡಿಸಿ, ಅವರ ತಲೆಯ ಮೇಲಿಂದ ಹಾದು, ನಡುಗೆರೆಯ ಕಡೆಗೆ ಅಂಗೈ ಚಾಚಿಕೊಂಡೇ ಇಳಿಯುತ್ತಾನೆ. ಪ್ರದೀಪ್ ನರ್ವಾಲ್ ಮಾಡುತ್ತಿದ್ದದ್ದು ಇದರ ಮಗ್ಗುಲು ತಿರುಗಿಸಿದ ಆಟ, ಡುಬ್ಕಿ: ಸರಪಳಿಯ ಅಡಿಯಿಂದ ಬೆನ್ನು ಬಾಗಿಸಿ ನುಸುಳಿ ಪಾರಾಗುವುದು. 2017ರ ಒಂದೇ ಋತುವಿನಲ್ಲಿ 369 ರೇಡ್ ಅಂಕ. ಮೇಲಿನ ದಾರಿಯೋ ಕೆಳಗಿನ ದಾರಿಯೋ ಎಂಬುದನ್ನು ಇಬ್ಬರೂ ಮೊದಲೇ ಗೊತ್ತು ಮಾಡಿಕೊಂಡು ಹೋಗುವುದಿಲ್ಲ. ಹಿಡಿಯುವವರ ಕೈ ಎಲ್ಲಿಗೆ ಬಂತು ಎಂದು ನೋಡಿ, ಬಿಟ್ಟ ಜಾಗದಲ್ಲಿ ಹೋಗುತ್ತಾರೆ.

ಇದಕ್ಕೆಲ್ಲ ಬೆಲೆ ತೆರುವುದು ಮೊಣಕಾಲು. ದೇಹ ಒಂದು ದಿಕ್ಕಿಗೆ ಹೊರಟಿರುತ್ತದೆ, ಪಾದ ನೆಲಕ್ಕೆ ಅಂಟಿರುತ್ತದೆ, ತಿರುವು ಬೀಳುವುದು ನಡುವಿನ ಆ ಕೀಲಿಗೆ. ಮಣ್ಣಿನ ಅಂಗಳದಲ್ಲಿ ಪಾದ ಸ್ವಲ್ಪ ಜಾರಿ ತಿರುವನ್ನು ಹಂಚಿಕೊಳ್ಳುತ್ತದೆ. ಮ್ಯಾಟಿನ ಮೇಲೆ ಬೂಟು ಕಚ್ಚಿ ಹಿಡಿಯುತ್ತದೆ. 2022ರಲ್ಲಿ ತಮಿಳ್ ತಲೈವಾಸ್ ತಂಡ 2.26 ಕೋಟಿ ರೂಪಾಯಿ ಕೊಟ್ಟು ಕೊಂಡ ಪವನ್ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಇಡೀ ಋತು ಹೊರಗೆ ಕೂತ. ಮರುವರ್ಷ ಅಕ್ಟೋಬರಿನಲ್ಲಿ ಹಾಂಗ್‌ಝೌನಲ್ಲಿ ಭಾರತ ತಂಡದ ನಾಯಕನಾಗಿ ಇರಾನ್ ವಿರುದ್ಧ 33–29ರಿಂದ ಗೆದ್ದು ಏಷ್ಯನ್ ಕ್ರೀಡಾಕೂಟದ ಚಿನ್ನ ತಂದ. ನಮ್ಮ ಅಂಗಳಗಳಲ್ಲಿ ಮೊಣಕಾಲು ಹೋದವರಿಗೆ ಅಂಥ ಮರುವರ್ಷ ಅಪರೂಪ. ಅವರು ಪಟ್ಟಿ ಬಿಗಿದುಕೊಂಡು ಕಾರ್ನರಿಗೆ ಸರಿಯುತ್ತಾರೆ.

ಆ ವಯಸ್ಸಾದ ಆಟಗಾರ ಸರಿದದ್ದೂ ಹಾಗೆಯೇ. ಈಗ ಅವನ ಬಲ ಮೊಣಕಾಲಿನ ಮೇಲೆ ಮಾಸಿದ ನೀಲಿ ಪಟ್ಟಿ. ಕೂತು ಏಳುವಾಗ ಅಂಗೈ ತೊಡೆಗೆ ಊರುತ್ತಾನೆ. ಓಟ ಹೋಗಿದೆ, ಓದು ಉಳಿದಿದೆ. ಎದುರಿನ ರೇಡರ್ ಒಳಗೆ ಬಂದಾಗ ಅವನು ಮುಖ ನೋಡುವುದಿಲ್ಲ, ಕೈ ನೋಡುವುದಿಲ್ಲ. ಬಂದವನ ಹಿಮ್ಮಡಿ ನೆಲಕ್ಕೆ ತಾಗುವುದನ್ನೇ ಕಾಯುತ್ತಾನೆ. ತಾಗಿತೆಂದರೆ ಭಾರ ಅಲ್ಲಿಗೆ ಬಂತು, ಆ ಕಾಲು ಇನ್ನು ಬೇಗ ಏಳದು. ಅವನ ಎರಡೂ ಕೈ ಪಾದದ ಗಂಟಿಗೆ ಬೀಗ ಹಾಕುತ್ತವೆ, ಎದೆ ಮಣ್ಣಿಗೆ ಬೀಳುತ್ತದೆ, ಕವರ್‌ನವರು ಮೇಲೆ ಬಂದು ಮುಗಿಸುತ್ತಾರೆ.

ಹುಡುಗ ವಿಶ್ವವಿದ್ಯಾಲಯದ ತಂಡದವರೆಗೂ ಹೋಗಿ ಬಂದ. ಹರಾಜಿನ ಪಟ್ಟಿ ಅವನಿದ್ದಲ್ಲಿಗೆ ಬರಲಿಲ್ಲ. ಈಗ ಬೆಳಗಿನ ಜಾವ ಕಾನ್‌ಸ್ಟೆಬಲ್ ಪರೀಕ್ಷೆಗೆ ಓಡುತ್ತಾನೆ: 1,600 ಮೀಟರ್, ಆರೂವರೆ ನಿಮಿಷ. ತಪ್ಪಿಸಿಕೊಳ್ಳಲು ಎದುರಿಗೆ ಯಾರೂ ಇಲ್ಲದ ಓಟ. ನೇರದಲ್ಲಿ ಅವನ ಹೆಜ್ಜೆ ಸಮನಾಗಿ ಬೀಳುತ್ತದೆ, ಉಸಿರು ಮೂಗಿನಲ್ಲೇ ಇರುತ್ತದೆ. ಮೈದಾನದ ತಿರುವಿಗೆ ಬಂದಾಗ ಮಾತ್ರ ಬಲಪಾದ ಹೆಬ್ಬೆರಳ ಬುಡದ ಮೇಲೆ ಅರೆಕ್ಷಣ ತಡೆಯುತ್ತದೆ, ಸೊಂಟ ತಗ್ಗುತ್ತದೆ, ಆಮೇಲೆ ತಿರುಗುತ್ತಾನೆ. ಪ್ರತಿ ಸುತ್ತಿಗೂ ಅಲ್ಲಿ ಸ್ವಲ್ಪ ಸಮಯ ಸೋರುತ್ತದೆ ಎಂದು ಜೊತೆಗಾರರು ಮೊಬೈಲಿನ ಗಡಿಯಾರ ತೋರಿಸುತ್ತಾರೆ. ತಿದ್ದಿಕೊಳ್ಳುತ್ತೇನೆ ಎನ್ನುತ್ತಾನೆ. ಮುಂದಿನ ತಿರುವಿನಲ್ಲೂ ಪಾದ ತಡೆಯುತ್ತದೆ.