ಡ್ಯಾಂಡೆಲಿಯನ್ ಒಂದು ಸೊಪ್ಪು, ಸಂಜೀವಿನಿಯಲ್ಲ

ಹಳದಿ ಹೂವು ಬಾಡಿದ ಮೇಲೆ ಅದೇ ದಂಟಿನ ತುದಿಯಲ್ಲಿ ಬಿಳಿ ಗುಂಡಾಗಿ ಅರಳಿ, ಊದಿದರೆ ಹಾರಿಹೋಗುವ ಬೀಜಗಳು. ಡ್ಯಾಂಡೆಲಿಯನ್ ಎಂದರೆ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿರುವುದು ಈ ಚಿತ್ರವೊಂದೇ. ಈಗ ಅದು ಚಹಾ ಪೊಟ್ಟಣವಾಗಿ, ಬೇರಿನ ಪುಡಿಯಾಗಿ, ಮಾತ್ರೆಯಾಗಿ ಆನ್‌ಲೈನ್ ಅಂಗಡಿಗಳಿಂದ ನಮ್ಮ ಮನೆಗಳಿಗೂ ಬರುತ್ತಿದೆ. ಜೊತೆಗೆ ಅದರ ಮಹಿಮೆ ಹೇಳುವ ವಾಟ್ಸ್ಆ್ಯಪ್ ಸಂದೇಶಗಳೂ ಬರುತ್ತಿವೆ. ಯುರೋಪಿನ ಹಳ್ಳಿಗರು ಚಳಿಗಾಲ ಕಳೆದೊಡನೆ ಹೊಲದಿಂದ ಕಿತ್ತು ತಂದು ತಿನ್ನುತ್ತಿದ್ದ ಕಹಿ ಸೊಪ್ಪು ಇದು. ಸೊಪ್ಪಾಗಿ ಇದಕ್ಕೆ ನಿಜವಾದ ಬೆಲೆಯಿದೆ. ಆ ಬೆಲೆಯನ್ನು ಮರೆಸಿ ಇಲ್ಲದ ಶಕ್ತಿಗಳನ್ನು ಅಂಟಿಸುವುದರಿಂದ ಗಿಡಕ್ಕೂ ನ್ಯಾಯ ಸಿಗುವುದಿಲ್ಲ, ಕುಡಿಯುವವರಿಗೂ ಸಿಗುವುದಿಲ್ಲ.

"ಇದರ ಬೇರಿನ ಕಷಾಯ 48 ಗಂಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ" ಎಂಬ ಸಂದೇಶದಿಂದಲೇ ಶುರು ಮಾಡಬೇಕು, ಏಕೆಂದರೆ ಎಲ್ಲಕ್ಕಿಂತ ಅಪಾಯದ ಮಾತು ಇದು. ಅರ್ಧ ಸತ್ಯ ಬೆರೆತಿರುವುದರಿಂದಲೇ ಇದನ್ನು ಜನ ನಂಬುತ್ತಾರೆ. ಕೆನಡಾದ ವಿಂಡ್ಸರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬೇರಿನ ಸಾರವನ್ನು ಕ್ಯಾನ್ಸರ್ ಕೋಶಗಳ ಮೇಲೆ ಪ್ರಯೋಗಿಸಿದ್ದು ನಿಜ. ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಶೇ. 95ಕ್ಕಿಂತ ಹೆಚ್ಚು 48 ಗಂಟೆಯೊಳಗೆ ಸತ್ತವು ಎಂದು 2016ರಲ್ಲಿ ಅವರು ಪ್ರಕಟಿಸಿದ್ದೂ ನಿಜ. ಆದರೆ ಆ ಕೋಶಗಳು ಇದ್ದದ್ದು ಪ್ರಯೋಗಾಲಯದ ತಟ್ಟೆಯಲ್ಲಿ, ಸಾರವನ್ನು ಸುರಿದದ್ದು ನೇರವಾಗಿ ಅವುಗಳ ಮೇಲೆ. ಇಲಿಗಳ ಮೇಲೂ ಪ್ರಯೋಗ ನಡೆದಿದೆ, ಗಡ್ಡೆಯ ಬೆಳವಣಿಗೆ ಕುಂಠಿತವಾಗಿದೆ. ಮನುಷ್ಯ ಕುಡಿದ ಚಹಾದ ಕಥೆಯೇ ಬೇರೆ. ಅದು ಹೊಟ್ಟೆಯಲ್ಲಿ ಜೀರ್ಣವಾಗಬೇಕು, ಕರುಳು ಹೀರಬೇಕು, ಲಿವರ್ ಅದನ್ನು ಒಡೆಯುತ್ತದೆ, ಉಳಿದದ್ದು ಲೀಟರುಗಟ್ಟಲೆ ರಕ್ತದಲ್ಲಿ ಕರಗುತ್ತದೆ. ತಟ್ಟೆಯಲ್ಲಿ ಕೋಶಗಳನ್ನು ಕೊಂದ ಪದಾರ್ಥಗಳು ಸಾವಿರಾರು. ಅವುಗಳಲ್ಲಿ ಮನುಷ್ಯರಿಗೆ ಔಷಧಿಯಾದವು ಬೆರಳೆಣಿಕೆಯಷ್ಟು. ಡ್ಯಾಂಡೆಲಿಯನ್ ಕುಡಿದು ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಮನುಷ್ಯರ ಮೇಲಿನ ಯಾವ ಪರೀಕ್ಷೆಯೂ ಸಾಬೀತು ಮಾಡಿಲ್ಲ. ಈ ಸಂದೇಶವನ್ನು ನಂಬಿ ಒಬ್ಬರು ಆಸ್ಪತ್ರೆಗೆ ಹೋಗುವುದನ್ನು ಮೂರು ತಿಂಗಳು ಮುಂದೂಡಿದರೆ, ಆ ಮೂರು ತಿಂಗಳನ್ನು ಯಾರೂ ಹಿಂದಿರುಗಿಸಲಾರರು.

'ಲಿವರ್ ಶುದ್ಧಿ' ಎಂಬ ಮಾತು ಬಹುತೇಕ ಎಲ್ಲ ಪೊಟ್ಟಣಗಳ ಮೇಲೂ ಇರುತ್ತದೆ. ಯಾವ ವಿಷವನ್ನು, ಎಷ್ಟು, ಹೇಗೆ ತೆಗೆಯುತ್ತದೆ ಎಂದು ಮಾತ್ರ ಬರೆದಿರುವುದಿಲ್ಲ. ದೇಹದೊಳಗಿನ ಬೇಡದ ಪದಾರ್ಥಗಳನ್ನು ಒಡೆದು ಹೊರಹಾಕುವುದು ಲಿವರ್ ಮತ್ತು ಕಿಡ್ನಿಗಳ ದಿನನಿತ್ಯದ ಕೆಲಸ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು ಈ ಗಿಡವನ್ನು ಸಣ್ಣಪುಟ್ಟ ಅಜೀರ್ಣಕ್ಕೆ, ಹಸಿವಿಲ್ಲದಿರುವುದಕ್ಕೆ, ಮೂತ್ರ ಹೆಚ್ಚಿಸುವುದಕ್ಕೆ ಬಳಸಬಹುದು ಎಂದು ಒಪ್ಪಿದೆ. ಅದಕ್ಕೆ ಆಧಾರ ದೀರ್ಘಕಾಲದ ರೂಢಿಯೇ ಹೊರತು ವೈದ್ಯಕೀಯ ಪರೀಕ್ಷೆಯಲ್ಲ ಎಂಬುದನ್ನೂ ಆ ಸಂಸ್ಥೆಯೇ ಸ್ಪಷ್ಟಪಡಿಸುತ್ತದೆ. ಲಿವರ್ ಕಾಯಿಲೆ, ಪಿತ್ತಕೋಶದ ಕಲ್ಲು, ಪಿತ್ತನಾಳದ ಅಡಚಣೆ, ಹೊಟ್ಟೆಯ ಹುಣ್ಣು ಇರುವವರು ಇದನ್ನು ಬಳಸಬಾರದು ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ಅಂದರೆ ಲಿವರ್ ಕೆಟ್ಟವರಿಗೆಂದು ಮಾರುವ ಚಹಾವನ್ನು ಮೊದಲು ದೂರವಿಡಬೇಕಾದವರು ಅವರೇ.

ಮೂತ್ರ ಹೆಚ್ಚಿಸುತ್ತದೆ ಎಂಬ ನಂಬಿಕೆಗೆ ಸ್ವಲ್ಪ ಹುರುಳಿದೆ. 2009ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ 17 ಜನ ಎಲೆಯ ಸಾರವನ್ನು ಒಂದೇ ದಿನ ಮೂರು ಸಲ ತೆಗೆದುಕೊಂಡರು. ಮೊದಲ ಎರಡು ಸಲ ಪರಿಣಾಮ ಕಂಡಿತು, ಮೂರನೆಯ ಸಲ ಕಾಣಲಿಲ್ಲ. ಹದಿನೇಳು ಜನ, ಒಂದು ದಿನ, ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ. ಇಷ್ಟನ್ನು ನೆಚ್ಚಿಕೊಂಡು ಬಿ.ಪಿ. ಮಾತ್ರೆ ಬಿಡುವುದು ತಪ್ಪು. ತೂಕ ಇಳಿಯುತ್ತದೆ ಎಂದು ಕುಡಿಯುವವರಿಗೆ ಕಡಿಮೆಯಾಗುವುದು ನೀರು, ಕೊಬ್ಬಲ್ಲ. ಒಂದು ಚೊಂಬು ನೀರು ಕುಡಿದರೆ ಅದು ಮರಳಿ ಬರುತ್ತದೆ.

ಹುರಿದ ಬೇರಿನ 'ಕಾಫಿ'ಯ ವಿಷಯ ನಮಗೆ ಹತ್ತಿರದ್ದು. ಇದನ್ನು ಹೊಸ ಫ್ಯಾಷನ್ ಎಂದುಕೊಂಡವರಿದ್ದಾರೆ. ಇಂಗ್ಲೆಂಡಿನಿಂದ ಕೆನಡಾಕ್ಕೆ ವಲಸೆ ಹೋದ ಸುಸಾನಾ ಮೂಡಿ ಎಂಬ ಲೇಖಕಿ, ಬೇರನ್ನು ತೊಳೆದು, ತುಂಡರಿಸಿ, ಹುರಿದು, ಪುಡಿ ಮಾಡಿ ಕಾಫಿಯಂತೆ ಕುಡಿದದ್ದನ್ನು 1852ರ ತಮ್ಮ ಪುಸ್ತಕದಲ್ಲೇ ವಿವರಿಸಿದ್ದಾರೆ. ನಮ್ಮ ಫಿಲ್ಟರ್ ಕಾಫಿಗೆ ಬೆರೆಸುವ ಚಿಕೋರಿ ಡ್ಯಾಂಡೆಲಿಯನ್ನಿನ ಹತ್ತಿರದ ಬಂಧು. ಎರಡರ ಬೇರಿನಲ್ಲೂ ಇನ್ಯುಲಿನ್ ಎಂಬ ಪಿಷ್ಟದಂಥ ಪದಾರ್ಥ ತುಂಬಿರುತ್ತದೆ. ಹುರಿದಾಗ ಅದು ಕಂದಾಗಿ, ಸ್ವಲ್ಪ ಸಿಹಿ ಸ್ವಲ್ಪ ಕಹಿಯ ಘಮ ಕೊಡುತ್ತದೆ. ಆದ್ದರಿಂದ ಈ ರುಚಿ ನಮಗೆ ಪೂರ್ತಿ ಅಪರಿಚಿತವಲ್ಲ. ಇದರಲ್ಲಿ ಕೆಫೀನ್ ಇಲ್ಲ, ಹಾಗಾಗಿ ಕಾಫಿ ಕೊಡುವ ಚುರುಕನ್ನು ನಿರೀಕ್ಷಿಸುವಂತಿಲ್ಲ. ರಾತ್ರಿ ಬಿಸಿಯಾಗಿ ಏನಾದರೂ ಬೇಕೆನ್ನುವವರಿಗೆ ಅದೇ ಅನುಕೂಲ. ಹೆಚ್ಚು ಕುಡಿದರೆ ಇನ್ಯುಲಿನ್‌ನಿಂದ ಹೊಟ್ಟೆಯುಬ್ಬರ ಬರಬಹುದು.

ದಂಟು ಮುರಿದರೆ ಬಿಳಿ ಹಾಲು ಬರುತ್ತದೆ, ಆದ್ದರಿಂದ ವಿಷ ಎನ್ನುವವರೂ ಇದ್ದಾರೆ. ಎಕ್ಕ, ಕಳ್ಳಿ ನೋಡಿ ಬೆಳೆದ ನಮಗೆ ಈ ಭಯ ಸಹಜ. ಆದರೆ ಹಲಸಿಗೂ ಅತ್ತಿಗೂ ಹಾಲಿದೆ. ಡ್ಯಾಂಡೆಲಿಯನ್ ಹಾಲು ಕಹಿ, ಕೆಲವರ ಚರ್ಮಕ್ಕೆ ಕಡಿತ ತರಬಹುದು, ಅಷ್ಟೇ. ಅದೇ ಕುಲದ ಕಜಾಕಿಸ್ತಾನದ ಒಂದು ಗಿಡದ ಬೇರಿನ ಹಾಲಿನಿಂದ ಎರಡನೇ ಮಹಾಯುದ್ಧದ ಕಾಲದಲ್ಲಿ ಸೋವಿಯತ್ ಒಕ್ಕೂಟ ರಬ್ಬರನ್ನೇ ತೆಗೆದಿತ್ತು.

ನಿಜವಾಗಿ ಭಯಪಡಬೇಕಾದದ್ದು ಗುರುತು ತಪ್ಪುವುದಕ್ಕೆ. ಭಾರತದಲ್ಲಿ ಇದರ ನೆಲೆ ಮುಖ್ಯವಾಗಿ ಹಿಮಾಲಯದ ತಂಪು ಪ್ರದೇಶ. ನಮ್ಮ ಬಯಲುಸೀಮೆಯ ಬೇಲಿಬದಿಯಲ್ಲಿ ಬಿಳಿ ಬೀಜ ಹಾರಿಸುವ ಗಿಡ ಕಂಡರೆ ಅದು ಸಾಮಾನ್ಯವಾಗಿ ಟ್ರೈಡ್ಯಾಕ್ಸ್, ಸೋಂಕಸ್ ಅಥವಾ ಇನ್ನಾವುದೋ. ಡ್ಯಾಂಡೆಲಿಯನ್ನಿನ ಎಲೆಗಳೆಲ್ಲ ನೆಲಕ್ಕೆ ಅಂಟಿದಂತೆ ಚಕ್ರಾಕಾರವಾಗಿ ಹರಡಿರುತ್ತವೆ, ಅಂಚು ಗರಗಸದಂತೆ. ದಂಟಿಗೆ ಎಲೆಯಿಲ್ಲ, ಕವಲಿಲ್ಲ, ಒಳಗೆ ಪೊಳ್ಳು, ತುದಿಯಲ್ಲಿ ಒಂದೇ ಹೂವು. ಕವಲೊಡೆದ, ರೋಮವಿರುವ ದಂಟು ಕಂಡರೆ ಬಿಟ್ಟುಬಿಡಿ. ಹೀಗೆ ಬೀಜ ಹಾರಿಸುವ ಗಿಡಗಳಲ್ಲಿ ಲಿವರನ್ನು ಹಾಳುಮಾಡುವ ಪೈರೊಲಿಜಿಡಿನ್ ಆಲ್ಕಲಾಯ್ಡ್‌ಗಳಿರುವವೂ ಇವೆ.

ಕಾಡು ಸೊಪ್ಪೆಂದರೆ ಶುದ್ಧವೇ ಎಂಬ ನಂಬಿಕೆ ಅಮೆರಿಕದಲ್ಲಿ ನೆಲೆಸಿದ ನಮ್ಮವರಿಗೆ ನೇರವಾಗಿ ಸಂಬಂಧಿಸಿದ್ದು. ಅಲ್ಲಿನ ಹುಲ್ಲುಹಾಸುಗಳಲ್ಲಿ ಡ್ಯಾಂಡೆಲಿಯನ್ ಎಂದರೆ ಕಳೆ. ಅದನ್ನು ಕೊಲ್ಲಲೆಂದೇ 2,4-ಡಿಯಂಥ ಕಳೆನಾಶಕ ಸಿಂಪಡಿಸುತ್ತಾರೆ. ಅದು ಎಲೆಯೊಳಕ್ಕೆ ಇಳಿಯುತ್ತದೆ, ತೊಳೆದರೆ ಹೋಗುವುದಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯ ಅಂದಕ್ಕಾಗಿ ಇಂಥ ವಿಷ ಸಿಂಪಡಿಸುವುದನ್ನು 2009ರಲ್ಲೇ ನಿಷೇಧಿಸಿತು. ಬೇರೆಡೆ ಇರುವವರು ತಮ್ಮದೇ ಹಿತ್ತಲಿನದನ್ನು, ಏನೂ ಸಿಂಪಡಿಸಿಲ್ಲವೆಂದು ಖಚಿತವಿದ್ದರೆ ಮಾತ್ರ ಕೀಳಬೇಕು. ವಾಹನ ಓಡಾಡುವ ರಸ್ತೆಯಂಚಿನದು, ಹಳೆಯ ಬಣ್ಣ ಉದುರಿದ ಗೋಡೆ ಬುಡದ್ದು ಬೇಡವೇ ಬೇಡ. ಆ ಮಣ್ಣಿನಲ್ಲಿ ಸೀಸ ಇರಬಹುದು.

ಇನ್ನು ಇದನ್ನು ಊಟವಾಗಿ ಕಂಡ ಜನರ ಕಡೆ ನೋಡಿದರೆ ಮನಸ್ಸು ತುಂಬುತ್ತದೆ. ಕಾಶ್ಮೀರದಲ್ಲಿ ಇದು 'ಹಂದ್'. ವಸಂತದಲ್ಲಿ ಹೆಂಗಸರು ಚೂರಿ ಹಿಡಿದು ಹೊಲದಿಂದ ಕಿತ್ತು ತರುತ್ತಾರೆ, ಚಳಿಗಾಲಕ್ಕೆ ಒಣಗಿಸಿಡುತ್ತಾರೆ, ಬಾಣಂತಿಗೆ ಕೋಳಿಯೊಂದಿಗೆ ಬೇಯಿಸಿ ಬಡಿಸುತ್ತಾರೆ. ಫ್ರಾನ್ಸಿನ ಲಿಯಾನಿನಲ್ಲಿ ಎಳೆ ಎಲೆಯ ಮೇಲೆ ಬಿಸಿ ಹಂದಿಮಾಂಸದ ತುಣುಕು, ಮೊಟ್ಟೆ ಹಾಕಿ ಸಲಾಡ್ ಮಾಡುತ್ತಾರೆ. ಅಮೆರಿಕದ ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಪಟ್ಟಣದ ಸುತ್ತ ಇಟಾಲಿಯನ್ ಮೂಲದ ರೈತರು ಇದನ್ನು ಬೆಳೆಯಾಗಿಯೇ ಬೆಳೆದರು. 100 ಗ್ರಾಂ ಹಸಿ ಎಲೆಯಲ್ಲಿ ಸುಮಾರು 187 ಮಿಲಿಗ್ರಾಂ ಸುಣ್ಣ, 3.1 ಮಿಲಿಗ್ರಾಂ ಕಬ್ಬಿಣ, 35 ಮಿಲಿಗ್ರಾಂ ಸಿ ಜೀವಸತ್ವ ಇವೆ. ಒಳ್ಳೆಯ ಸೊಪ್ಪು, ಸಂಶಯವಿಲ್ಲ. ಆದರೆ ಇದಕ್ಕೆ ಸಮನಾದದ್ದು ಇಲ್ಲ ಎನ್ನುವುದು ಸರಿಯಲ್ಲ. ನಮ್ಮ ನುಗ್ಗೆಸೊಪ್ಪು, ದಂಟಿನಸೊಪ್ಪು ಸುಣ್ಣದಲ್ಲಿ ಇದಕ್ಕಿಂತ ಮುಂದಿವೆ.

ಹೂ ಬಿಟ್ಟ ಮೇಲೆ ಎಲೆ ತಿನ್ನಬಾರದು ಎಂಬುದೂ ಪೂರ್ತಿ ಸರಿಯಲ್ಲ. ಕಹಿ ಹೆಚ್ಚುತ್ತದೆ, ವಿಷವಾಗುವುದಿಲ್ಲ. ಒಂದು ಕುದಿ ಬೇಯಿಸಿ ನೀರು ಚೆಲ್ಲಿ, ಬೆಂದ ತೊಗರಿಬೇಳೆ, ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆಯಲ್ಲಿ ಪಲ್ಯ ಮಾಡಿದರೆ ಮೆಂತ್ಯಸೊಪ್ಪು ಇಷ್ಟಪಡುವವರಿಗೆ ಖಂಡಿತ ಹಿಡಿಸುತ್ತದೆ.

ಮೇಲೆ ಹೇಳಿದ ಕಾಯಿಲೆಗಳಿರುವವರಲ್ಲದೆ, ಇನ್ನೂ ಎರಡು ಬಗೆಯ ಜನ ವೈದ್ಯರನ್ನು ಕೇಳಿಯೇ ಇದನ್ನು ಮುಟ್ಟಬೇಕು. ಎಲೆಯಲ್ಲಿ ಕೆ ಜೀವಸತ್ವ ವಿಪರೀತ, 100 ಗ್ರಾಮಿಗೆ 778 ಮೈಕ್ರೊಗ್ರಾಂ. ವಾರ್ಫರಿನ್, ಅಸಿಟ್ರಾಮ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಯ ಕೆಲಸವನ್ನು ಅದು ಕುಗ್ಗಿಸಬಲ್ಲದು. ಇನ್ನೊಂದು ಬಗೆಯವರು, ಕಾಂಗ್ರೆಸ್ ಗಿಡ ತಾಗಿದರೆ ಮೈ ಕೆರೆದು ಗಾಯವಾಗುವವರು. ಕಾಂಗ್ರೆಸ್ ಗಿಡ, ಸೇವಂತಿಗೆ, ಡ್ಯಾಂಡೆಲಿಯನ್ ಮೂರೂ ಒಂದೇ ಕುಟುಂಬದವು. ಒಂದಕ್ಕೆ ಆಗದ ಮೈ ಇನ್ನೊಂದಕ್ಕೂ ಕೆರಳಬಹುದು.