ಜಕ್ಕೂರಿನ ಕುಲುಮೆಯ ಮುಂದೆ ಎರಡು ತಿಂಗಳು

ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ರೆಕಾರ್ಡ್ ಪುಸ್ತಕದ ಸಂಖ್ಯೆಗೆ ನಮ್ಮ ಸಂಖ್ಯೆ ಹತ್ತಿರ ಬಂದರೆ ಸಾಕು, ಅಂಕ ಸಿಗುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಪ್ರತಿ ಬೇಸಿಗೆಯಲ್ಲಿ ಇದಕ್ಕೆ ತದ್ವಿರುದ್ಧವಾದದ್ದನ್ನು ಮಾಡುತ್ತದೆ. ದೇಶದ ನಾನಾ ಕಾಲೇಜುಗಳಿಂದ ಆಯ್ಕೆಯಾದ ವಿದ್ಯಾರ್ಥಿಗಳನ್ನು ಎರಡು ತಿಂಗಳು ಸಂಶೋಧಕರ ಜೊತೆ ಕೆಲಸಕ್ಕೆ ಕೂರಿಸಿ, ಉತ್ತರ ಯಾರಿಗೂ ತಿಳಿಯದ ಪ್ರಶ್ನೆಯೊಂದನ್ನು ಕೈಗಿಡುತ್ತದೆ.

ವಸ್ತುವಿಜ್ಞಾನಕ್ಕೆ ಈ ಬಗೆಯ ತರಬೇತಿ ಏಕೆ ಬೇಕೆಂಬುದು ಒಂದು ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಇಟ್ರಿಯಂ, ಬೇರಿಯಂ, ತಾಮ್ರ ಸೇರಿದ ಪ್ರಸಿದ್ಧ ಅತಿವಾಹಕ (ತಡೆಯಿಲ್ಲದೆ ವಿದ್ಯುತ್ ಹರಿಯಬಿಡುವ) ಆಕ್ಸೈಡನ್ನು ತಯಾರಿಸುವ ವಿಧಾನ ಪುಸ್ತಕದಲ್ಲಿ ಕೆಲವೇ ಸಾಲು. ಮೂರು ಪುಡಿಗಳನ್ನು ಲೆಕ್ಕದಂತೆ ತೂಗಿ, ಅಗೇಟ್ ಕಲ್ಲಿನ ಕಲ್ಬತ್ತಿನಲ್ಲಿ ಅರೆದು, 900 ಡಿಗ್ರಿ ದಾಟಿದ ಕುಲುಮೆಯಲ್ಲಿಡಬೇಕು. ಆದರೆ ಘನವಸ್ತುಗಳು ದ್ರಾವಣದಂತೆ ತಾವಾಗಿ ಬೆರೆಯುವುದಿಲ್ಲ. ಕಣಕ್ಕೆ ಕಣ ತಾಗಿದ ಕಡೆ ಮಾತ್ರ ಪರಮಾಣುಗಳು ಮೆಲ್ಲಗೆ ದಾಟಿಕೊಳ್ಳುತ್ತವೆ. ಆದ್ದರಿಂದ ತೆಗೆದು ಮತ್ತೆ ಅರೆಯಬೇಕು, ಮತ್ತೆ ಸುಡಬೇಕು. ಕೊನೆಗೆ ಪುಡಿಯನ್ನು ಬಿಲ್ಲೆಯಾಗಿ ಒತ್ತಿ ಸುಟ್ಟು, ಆಮ್ಲಜನಕದ ಹರಿವಿನಲ್ಲಿ ನಿಧಾನವಾಗಿ ತಣಿಸಬೇಕು. ಬಿಲ್ಲೆ ಕಪ್ಪಗೆ ಬಂದರೆ ಭರವಸೆ ಇಡಬಹುದು. ಹಸಿರು ಇಣುಕಿದರೆ ಬೇರೊಂದು ಸಂಯುಕ್ತ ಹುಟ್ಟಿಕೊಂಡಿದೆ, ಅದು ಅತಿವಾಹಕವಲ್ಲ. ಒಳರಚನೆ ತೋರಿಸುವ ಎಕ್ಸ್-ರೇ ವಿವರ್ತನೆಯ ನಕ್ಷೆಯಲ್ಲಿ ಇರಬಾರದ ಕಡೆ ಒಂದು ಶಿಖರ ಕಂಡರೆ ಅದು ಎಲ್ಲಿಂದ ಬಂತೆಂದು ಹುಡುಕುವುದೇ ಮುಂದಿನ ವಾರದ ಕೆಲಸ. ತೂಕದಲ್ಲಿ ತಪ್ಪಾಯಿತೇ, ಅರೆದದ್ದು ಸಾಲದೇ, ಬೇಗ ತಣಿಸಿದೆವೇ? ನನ್ನ ಮಟ್ಟಿಗೆ ಸಂಶೋಧನೆ ಶುರುವಾಗುವುದೇ ಆ ಶಿಖರದಿಂದ. ಎಲ್ಲ ಸರಿಹೋದ ದಿನ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದ್ದಿದ ಬಿಲ್ಲೆಯ ಮೇಲೆ ಪುಟ್ಟ ಆಯಸ್ಕಾಂತ ಗಾಳಿಯಲ್ಲಿ ತೇಲುತ್ತದೆ.

ಈ ಉದಾಹರಣೆಗೆ ಬೆಂಗಳೂರಿನ ನಂಟೂ ಇದೆ. 1987ರಲ್ಲಿ ಜಗತ್ತಿನ ಪ್ರಯೋಗಾಲಯಗಳೆಲ್ಲ ಈ ವಸ್ತುವಿನ ಹಿಂದೆ ಬಿದ್ದಾಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಅದರಲ್ಲಿ ಮುಳುಗಿತ್ತು. ಎರಡು ವರ್ಷದ ನಂತರ, ನೆಹರೂ ಜನ್ಮಶತಾಬ್ದಿಯ 1989ರಲ್ಲಿ, ಜಕ್ಕೂರಿನ ಕೇಂದ್ರ ಹುಟ್ಟಿದಾಗ ಅದರ ಸ್ಥಾಪಕ ಅಧ್ಯಕ್ಷರಾದವರು ಅವರೇ. ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವೀಧರರಾದ ರಾವ್ ಭಾರತರತ್ನದವರೆಗೆ ಏರಿದ್ದು ಇಂಥ ಆಕ್ಸೈಡುಗಳ ಒಡನಾಟದಲ್ಲೇ.

ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಕೇಂದ್ರದಲ್ಲಿ ಇನ್ನೊಂದು ದಾರಿಯಿದೆ. ಪದವಿಯ ಆರಂಭದಲ್ಲೇ ಆಯ್ಕೆ ಮಾಡಿ, ಮೂರು ಬೇಸಿಗೆ ಸತತವಾಗಿ ಕರೆಸಿಕೊಂಡು ತರಬೇತಿ ಕೊಡುತ್ತಾರೆ. ಒಂದೇ ಬೇಸಿಗೆಯಲ್ಲಿ ಕೈ ಪಳಗುವುದು ಕಷ್ಟ. ಹಾಗಾಗಿ ನನಗೆ ಇದೇ ಹೆಚ್ಚು ಸರಿಯೆನಿಸುತ್ತದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ನಡೆಸುವ ಬೇಸಿಗೆ ಫೆಲೋಶಿಪ್ ಪ್ರತ್ಯೇಕ. ಅದಕ್ಕೆ ಅಧ್ಯಾಪಕರೂ ಅರ್ಜಿ ಹಾಕಬಹುದು.

ಇಷ್ಟೆಲ್ಲ ಇದ್ದರೂ ಜಿಲ್ಲೆ, ತಾಲ್ಲೂಕು ಕೇಂದ್ರಗಳ ಎಷ್ಟೋ ಮಕ್ಕಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಅರ್ಜಿಯ ಗಡುವು ಮುಗಿದಿರುತ್ತದೆ. ಬೇಸಿಗೆಗೆ ತಿಂಗಳುಗಳ ಮೊದಲೇ ಅರ್ಜಿ ಕರೆಯುತ್ತಾರೆ. ವಿಜ್ಞಾನ ಕಲಿಸುವ ಮೇಷ್ಟರು, ಮೇಡಂಗಳಲ್ಲಿ ಒಂದೇ ವಿನಂತಿ: ದಸರಾ ರಜೆ ಮುಗಿದೊಡನೆ ಈ ವಿಷಯವನ್ನು ತರಗತಿಯಲ್ಲಿ ಹೇಳಿ, ಅರ್ಹರಾದ ಒಬ್ಬಿಬ್ಬರಿಗಾದರೂ ಎದುರಿಗೇ ಕೂತು ಅರ್ಜಿ ತುಂಬಿಸಿ.