ಬಸ್ಸು ಕುಲುಕುತ್ತದೆ, ಬೆಟ್ಟ ಕುಲುಕುವುದಿಲ್ಲ

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮೊಬೈಲಿನಲ್ಲಿ ವಿಡಿಯೊ ಮಾಡಿ. ಆಮೇಲೆ ತೆರೆದು ನೋಡಿದರೆ ಬೆಟ್ಟಸಾಲು, ಅದಿರಿನ ಲಾರಿ, ರಸ್ತೆಬದಿಯ ಮರ ಎಲ್ಲವೂ ಗಡಗಡ ನಡುಗುತ್ತಿರುತ್ತವೆ. ಆದರೆ ಅದೇ ಹೊತ್ತಿನಲ್ಲಿ ನಿಮ್ಮ ಕಣ್ಣಿಗೆ ಕಂಡ ಬೆಟ್ಟ ನಡುಗಿರಲಿಲ್ಲ. ಮೈ ಕುಲುಕಿತ್ತು, ಬೆಟ್ಟ ಇದ್ದಲ್ಲೇ ಇತ್ತು.

ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವ ಸಿಮ್ಯುಲೇಟರ್‌ಗಳಲ್ಲಿ ತಲೆಯ ಅಲುಗಾಟ ತೋರಿಸುವ ಸೆಟ್ಟಿಂಗ್ ಬಹಳ ಕಡೆ ಇರುತ್ತದೆ. ಅದನ್ನು ಆನ್ ಮಾಡಿದರೆ ರನ್‌ವೇ ಮೇಲೆ ಓಡುವಾಗ, ಗುಂಡು ಹಾರಿಸುವಾಗ ಪರದೆಯೇ ಅದುರುತ್ತದೆ. ಹೊಸಬರು ಇದನ್ನೇ ನೈಜತೆ ಅಂದುಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಅದು ಮೊಬೈಲ್ ಕ್ಯಾಮೆರಾದ ನೈಜತೆ, ಕಣ್ಣಿನದಲ್ಲ.

ಕಾರಣ ಒಳಗಿವಿಯಲ್ಲಿದೆ. ಅಲ್ಲಿರುವ ಮೂರು ಅರೆವೃತ್ತ ನಾಳಗಳು ತಲೆ ಎತ್ತ ತಿರುಗಿತೆಂದು ಅಳೆಯುತ್ತವೆ. ತಲೆ ಎಡಕ್ಕೆ ಹೊರಳಿದ ಸೆಕೆಂಡಿನ ನೂರನೇ ಒಂದು ಭಾಗದಷ್ಟರಲ್ಲೇ ಕಣ್ಣುಗುಡ್ಡೆ ಅಷ್ಟೇ ಬಲಕ್ಕೆ ಸರಿಯುತ್ತದೆ. ಪರೀಕ್ಷೆ ಸುಲಭ: ಈ ಪುಟವನ್ನು ಅಲುಗಿಸದೆ ಹಿಡಿದು ತಲೆಯನ್ನು ಬೇಗಬೇಗ ಅಲ್ಲಾಡಿಸುತ್ತ ಓದಿ, ಅಕ್ಷರ ಕಾಣುತ್ತದೆ. ಈಗ ತಲೆ ನಿಲ್ಲಿಸಿ ಪುಟವನ್ನು ಅಷ್ಟೇ ವೇಗವಾಗಿ ಆಡಿಸಿ. ಓದಲಾಗದು. ಪರದೆ ಅದುರಿಸುವ ಆಟ ನಮ್ಮನ್ನು ಈ ಎರಡನೇ ಸ್ಥಿತಿಗೆ ತಳ್ಳುತ್ತದೆ. ನಿಜವಾದ ವಿಮಾನದಲ್ಲೂ ತೀರಾ ವೇಗದ ಕಂಪನ ಬಂದರೆ ಮೀಟರಿನ ಅಂಕಿ ಮಸುಕಾಗುವುದುಂಟು. ಆದರೆ ಆಗ ಕಾಣುವುದು ಮಸುಕು. ದಿಗಂತ ಮೇಲೆ ಕೆಳಗೆ ಕುಣಿಯುವುದಿಲ್ಲ.

ಹಾಗಿದ್ದರೆ ತಲೆ ಆಡಬೇಕಾದ್ದು ಎಲ್ಲಿ? ಸುತ್ತ ನೋಡುವಾಗ. ಪೈಲಟ್ ಬೆನ್ನ ಹಿಂದೆ ಕಣ್ಣಿಡಬೇಕು, ಆಟಗಾರನ ಪರದೆಯೋ ಎದುರಿಗೆ ಮಾತ್ರ ಇದೆ. ಇದಕ್ಕೆ ಕಂಡುಕೊಂಡ ಉಪಾಯ ಟ್ರ್ಯಾಕ್‌ಐಆರ್‌ನಂಥ ಸಾಧನ. ಟೋಪಿಗೆ ಮೂರು ಹೊಳೆಯುವ ಬಿಂದು, ಪರದೆಯ ಮೇಲೊಂದು ಅವಕೆಂಪು ಕ್ಯಾಮೆರಾ. ತಲೆಯನ್ನು 20 ಡಿಗ್ರಿ ತಿರುಗಿಸಿದರೆ ಆಟದೊಳಗಿನ ತಲೆ 120 ಡಿಗ್ರಿ ತಿರುಗುವಂತೆ ಹಿಗ್ಗಿಸಿಕೊಳ್ಳಬಹುದು. ದುಡ್ಡು ಹಾಕಲು ಮನಸ್ಸಿಲ್ಲದವರಿಗೆ ಓಪನ್‌ಟ್ರ್ಯಾಕ್ ಎಂಬ ಉಚಿತ ತಂತ್ರಾಂಶವಿದೆ, ಮಾಮೂಲಿ ವೆಬ್‌ಕ್ಯಾಮ್ ಸಾಕು. ಮಧ್ಯದ ಎರಡು ಮೂರು ಡಿಗ್ರಿಯಲ್ಲಿ ನೋಟ ಅಲುಗದಂತೆ ಸೆಟ್ ಮಾಡಿಕೊಳ್ಳಿ. ಇಲ್ಲದಿದ್ದರೆ ಉಸಿರಾಡಿದರೂ ಗುರಿ ತಪ್ಪುತ್ತದೆ.

ತಿರುಗುವುದಷ್ಟೇ ಸಾಲದು, ಸರಿಯಲೂ ಬರಬೇಕು. ಹಂಪಿಯ ವಿಠ್ಠಲ ದೇವಸ್ಥಾನದ ಮಂಟಪದಲ್ಲಿ ನಿಂತಾಗ ಕಂಬವೊಂದು ಕಲ್ಲಿನ ರಥವನ್ನು ಮರೆಮಾಡಿದರೆ ನಾವು ಕತ್ತನ್ನು ತಿರುಗಿಸುವುದಿಲ್ಲ, ಪಕ್ಕಕ್ಕೆ ಬಾಗುತ್ತೇವೆ. ಹತ್ತಿರದ ಕಂಬ ಜರುಗುತ್ತದೆ, ದೂರದ ರಥ ಹೊರಗೆ ಬರುತ್ತದೆ. ಕಾಕ್‌ಪಿಟ್ಟಿನ ಗಾಜಿನ ಚೌಕಟ್ಟಿನ ಹಿಂದೆ ಅಡಗಿದ ವಿಮಾನವನ್ನು ಪೈಲಟ್ ಹುಡುಕುವುದೂ ಹೀಗೆಯೇ. 2001ರಲ್ಲಿ ಬಂದ ಐಎಲ್-2 ಸ್ಟುರ್ಮೊವಿಕ್‌ನ ಕಾಲದ ಆಟಗಳಲ್ಲಿ ತಲೆಯನ್ನು ಮೊಳೆ ಹೊಡೆದು ನಿಲ್ಲಿಸಿದಂತಿತ್ತು. ಚೌಕಟ್ಟು ಅಡ್ಡ ಬಂದರೆ ಬಂದಂತೆಯೇ. ಮೂರು ತಿರುಗಾಟ, ಮೂರು ಸರಿದಾಟ ಸೇರಿ ಆರು ಬಗೆಯ ಚಲನೆ ಬಂದದ್ದು ನನಗೆ ಎಲ್ಲ ಗ್ರಾಫಿಕ್ಸ್‌ಗಿಂತ ದೊಡ್ಡ ಸುಧಾರಣೆ.

ಆದರೆ ಇಲ್ಲೇ ಆಟ ಸುಳ್ಳು ಹೇಳಲು ಶುರುಮಾಡುತ್ತದೆ. ಬೆಂಗಳೂರಿನ ಎಚ್‌ಎಎಲ್ ಕಟ್ಟುವ ತೇಜಸ್ ಯುದ್ಧವಿಮಾನ ಸುಮಾರು 8 ಜಿ ತನಕ ತಿರುವು ತೆಗೆದುಕೊಳ್ಳಬಲ್ಲದು. ಆಗ ಪ್ರತಿ ವಸ್ತುವೂ ಎಂಟು ಪಟ್ಟು ಭಾರ. ತಲೆ ಮತ್ತು ಹೆಲ್ಮೆಟ್ ಸೇರಿ ಆರೂವರೆ ಕೆಜಿ ಎಂದಿಟ್ಟುಕೊಂಡರೆ 52 ಕೆಜಿ. ಕಂಪ್ಲಿ ಕಡೆಯ 75 ಕೆಜಿಯ ಭತ್ತದ ಚೀಲದಲ್ಲಿ ಮೂರರಲ್ಲಿ ಎರಡು ಪಾಲನ್ನು ಕತ್ತಿನ ಮೇಲೆ ಹೊತ್ತು ಹಿಂದಕ್ಕೆ ತಿರುಗಿ ನೋಡಿದಂತೆ. ಅದಕ್ಕೇ ಪೈಲಟ್‌ಗಳು ಮೊದಲು ತಲೆ ತಿರುಗಿಸಿ ಸೀಟಿಗೆ ಒರಗಿಸಿಕೊಂಡು, ಆಮೇಲೆ ಸ್ಟಿಕ್ ಎಳೆಯುತ್ತಾರೆ. ನಡುವೆ ತಿರುಗಿಸಿದರೆ ಕತ್ತು ಉಳುಕುತ್ತದೆ. ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಉದ್ದ ತೋಳಿನ ತುದಿಗೆ ಕೋಣೆ ಕಟ್ಟಿ ಗರಗರ ತಿರುಗಿಸುವ ಸೆಂಟ್ರಿಫ್ಯೂಜ್ ಇರುವುದು ಈ ಭಾರವನ್ನು ತಾಳುವ ತರಬೇತಿಗೆ. ಆಟದಲ್ಲೋ, 7 ಜಿಯಲ್ಲೂ ನಾವು ಗೂಬೆಯಂತೆ ಕತ್ತು ಹೊರಳಿಸುತ್ತೇವೆ. ಭುಜ ಬಿಗಿದ ಪಟ್ಟಿಯ ನೆನಪೂ ಇರುವುದಿಲ್ಲ. ಭಾರ ಹೆಚ್ಚಿದಂತೆ ತಲೆಯನ್ನು ಕೆಳಗೆ ಜಗ್ಗುವ, ತಿರುಗುವ ವೇಗ ತಗ್ಗಿಸುವ ಸೆಟ್ಟಿಂಗ್ ಇದ್ದರೆ ಬಿಡಬೇಡಿ, ಆನ್ ಮಾಡಿ. ಅದುರಾಟವನ್ನು ಆಫ್ ಮಾಡಿ.

ಪರದೆಗೆ ನಿಲುಕದ್ದು ಇನ್ನೊಂದಿದೆ. ಹಂಪಿಯ ಹೊಳೆಯಲ್ಲಿ ಹರಿಗೋಲು ಹತ್ತಿದವರಿಗೆ ಗೊತ್ತು: ಅಂಬಿಗ ಹುಟ್ಟು ಹಾಕಿ ಗಿರ್ರನೆ ತಿರುಗಿಸಿ ನಿಲ್ಲಿಸಿದ ಮೇಲೂ ಬಂಡೆಗಳು ಉಲ್ಟಾ ಸುತ್ತುತ್ತಿರುತ್ತವೆ. ಒಳಗಿವಿಯ ನಾಳದೊಳಗಿನ ದ್ರವ ಇನ್ನೂ ನಿಂತಿರುವುದಿಲ್ಲ. ಸುತ್ತುವಾಗಲೇ ತಟ್ಟನೆ ತಲೆ ಬಗ್ಗಿಸಿದರಂತೂ ಮಗುಚಿ ಬಿದ್ದಂತಾಗುತ್ತದೆ. ಮೋಡದೊಳಗೆ ತಿರುಗುತ್ತಿರುವ ಪೈಲಟ್ ಕೆಳಗಿನ ಸ್ವಿಚ್ಚಿಗೆಂದು ಬಗ್ಗಿದಾಗ ಆಗುವುದೂ ಇದೇ. ವಿಆರ್ ಕನ್ನಡಕ ಹಾಕಿದವರದು ಇದರ ತಿರುಗುಮುರುಗು. ಕಣ್ಣು ತಿರುಗುತ್ತಿದ್ದೇನೆ ಅನ್ನುತ್ತದೆ, ಕಿವಿ ಕುರ್ಚಿಯಲ್ಲಿ ಕೂತಿದ್ದೇನೆ ಅನ್ನುತ್ತದೆ, ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಮೊದಲ ವಾರ ಹತ್ತು ನಿಮಿಷಕ್ಕೆ ಕನ್ನಡಕ ತೆಗೆದಿಡಿ. ಊಟವಾದ ಕೂಡಲೇ ಕೂರಬೇಡಿ, ಫ್ಯಾನ್ ಮುಖಕ್ಕೆ ಬರುವಂತಿರಲಿ.